ಎರಡು ಡೋಲು, ಒಂದು ಒರಳು

ಮಕ್ಕಳೇ, ಡೋಲಿನ ಆಟದಲ್ಲಿ ನಾನು ನಿಮ್ಮ ಅಕ್ಕನ ಜೋಡಿಯಾದದ್ದು ಅವಳ ಗೆಳತಿಗೆ ಜ್ವರ ಬಂದದ್ದರಿಂದ. ಇಲ್ಲದಿದ್ದರೆ ಪುರಸೈವಾಕ್ಕಮ್ಮಿನ ಮಾಲಿನಲ್ಲಿ ನನ್ನ ಜಾಗ ಬೆಂಚು. ಮಡಿಲಲ್ಲಿ ಅವರಿಬ್ಬರ ಚೀಲ, ಕೈಯಲ್ಲಿ ಅವರ ಕರಗುವ ಐಸ್‌ಕ್ರೀಮು. ಆ ಭಾನುವಾರ ಅವಳು ಎರಡು ಕೋಲುಗಳನ್ನು ನನ್ನ ಕೈಗೆ ತುರುಕಿದಳು.

"ವಾ ಅಜ್ಜಿ, ಬಾ, ಒಂದೇ ಒಂದು ಆಟ."

"ನನ್ನಿಂದ ಆಪ್ದಲ್ಲ ಮಗಾ. ಎಲ್ಲ ಕಾಂತ್ರ್."

"ಯಾರೂ ನಿನ್ನ ನೋಡಲ್ಲ. ಈಸಿ ಹಾಕ್ತೀನಿ, ಸರಿಯಾ?"

ನಿಮ್ಮ ಅಜ್ಜ ಇದೇ ಪಟ್ಟಣದ ಪ್ಯಾರೀಸ್ ಕಾರ್ನರಿನಲ್ಲಿ ಹೋಟೆಲು ನಡೆಸುತ್ತಿದ್ದಾಗಲೂ ಗಿರಾಕಿಗಳ ಕಣ್ಣಿಗೆ ಬೀಳದಂತೆ ಹಿಂಬಾಗಿಲಿಂದ ಹೋಗುತ್ತಿದ್ದವಳು ನಾನು. ಆದರೂ ಎದ್ದೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಒಂದು ಮಾತು ಎಸೆದು ಫೋನಿಗೆ ತಿರುಗುವ ಹುಡುಗಿ ತಾನಾಗಿ ಕರೆದದ್ದು ಅದೇ ಮೊದಲು. ಇದನ್ನೂ ಕೆಡಿಸಿದರೆ ಮುಂದಿನ ವಾರ ಮತ್ತೆ ಬೆಂಚೇ.

ಆಟ ಇಷ್ಟೇ. ಪಕ್ಕಪಕ್ಕದಲ್ಲಿ ಎರಡು ಡೋಲು, ಎದುರಿಗೆ ಪರದೆ. ಹಾಡಿನ ಜೊತೆಗೆ ಉರುಳಿ ಬರುವ ಚುಕ್ಕೆ ಪರದೆಯ ಮೇಲಿನ ಬಳೆಯೊಳಗೆ ಬಂದಾಗ ಹೊಡೆಯಬೇಕು. ತಪ್ಪಿದಾಗಲೆಲ್ಲ ಒಂದೊಂದು ದೀಪ ಆರುತ್ತದೆ. ಎಲ್ಲ ಆರಿದರೆ ಹಾಡೇ ನಿಲ್ಲುತ್ತದೆ.

ಪಲ್ಲವಿ ಮುಗಿಯುವ ಮೊದಲೇ ನಿಂತಿತು. ಮತ್ತೊಮ್ಮೆ ಹಾಕಿದಳು. ಆಗಲೂ ನಿಂತಿತು.

"ಅಜ್ಜೀ! ನಾ ಹೊಡೆಯೋವಾಗಲೇ ನೀನೂ ಹೊಡೀಬೇಕು. ಯಾಕೆ ಮೇಲೆ ಎತ್ತಿ ಬ್ರೇಕ್ ಹಾಕ್ತೀ?" ನಗು ತಡೆಯಲಾರದೆ ಅವಳು ಡೋಲಿನ ಮೇಲೆ ಬಾಗಿದ್ದಳು. "ಇದಕ್ಕಿಂತ ಈಸಿ ಇಲ್ಲವೇ ಇಲ್ಲ. ಇದು ಪಾಪುಗಳದು!"

ಯಾಕೆಂದು ನನಗೆ ಆಗ ಹೊಳೆಯಿತು. ಊರಿನಲ್ಲಿ ನಾನೂ ನನ್ನ ಅತ್ತಿಗೆಯೂ ಒಂದೇ ಒರಳಿನಲ್ಲಿ ಅವಲಕ್ಕಿ ಕುಟ್ಟುತ್ತಿದ್ದೆವು. ಹುರಿದ ಭತ್ತ ಆರುವುದರೊಳಗೆ ಎರಡು ಒನಕೆ ಬಿರಬಿರನೆ ಬೀಳಬೇಕು. ಅವಳದು ಇಳಿಯುವಾಗ ನನ್ನದು ಮೇಲೆ. ಎರಡೂ ಒಟ್ಟಿಗೆ ಇಳಿದರೆ ಬೆರಳು ಜಜ್ಜಿತೆಂದೇ ಲೆಕ್ಕ. ಹಾಗಾಗಿ ಮೊಮ್ಮಗಳ ಕೋಲು ಇಳಿಯುವುದು ಕಂಡರೆ ಸಾಕು, ನನ್ನ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು. ಅವಳದು ಏಳುತ್ತಲೇ ಖಾಲಿ ಜಾಗಕ್ಕೆ ಧಡ್ಡೆಂದು ಬೀಳುತ್ತಿತ್ತು.

ಕೋಲುಗಳನ್ನೇ ಒನಕೆ ಮಾಡಿ ತೋರಿಸಿದೆ. ಅವಳು ಫೋನು ತೆಗೆಯದೆ ಕೇಳಿಸಿಕೊಂಡಳು.

"ಮೀಡಿಯಂನಲ್ಲಿ ಚುಕ್ಕೆ ಹಂಚ್ಕೊಂಡು ಬರತ್ತೆ ಅಜ್ಜಿ. ಒಂದು ನಿಂಗೆ, ಒಂದು ನಂಗೆ. ಆದ್ರೆ ಭಯಂಕರ ಸ್ಪೀಡು. ಸೋತುಬಿಡ್ತೀವಿ."

"ಸೋತ್ರೆ ಸೋಲುವ. ಹಾಕ್ ಮಾರಾಯ್ತಿ!"

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಅವಳದು, ನನ್ನದು, ಅವಳದು, ನನ್ನದು. ಅಯ್ಯೋ, ಏನು ಹೇಳಲಿ! ಭುಜಕ್ಕೆ ಎಲ್ಲ ನೆನಪಿತ್ತು. ಬಾಯಿಗೂ ನೆನಪಿತ್ತು, ಒನಕೆ ಇಳಿಸುವಾಗಿನ "ಹುಸ್ಸ್, ಹುಸ್ಸ್" ಹೊರಬಿತ್ತು. ನಿಮ್ಮ ಅಕ್ಕನೂ ಅದೇ ಸದ್ದು ಹಿಡಿದುಕೊಂಡಳು, "ಹುಸ್ಸ್!" ಚರಣದಲ್ಲಿ ನಾಲ್ಕಾರು ಚುಕ್ಕೆ ಬಿಟ್ಟೆ, ನಗುತ್ತಾ ಇನ್ನೆರಡು ಬಿಟ್ಟೆ. ಕೊನೆಗೆ ಒಂದೇ ದೀಪ ಉಳಿದಿತ್ತು, ಹಾಡು ಮುಗಿದಿತ್ತು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ನೋಡಿದ್ದರು! ನಾಚಿಕೆ ಪಡಲು ನನಗೆ ಉಸಿರೇ ಉಳಿದಿರಲಿಲ್ಲ.

ಆಸೆಗೆ ಬಿದ್ದು ಅವಳು ಹಾರ್ಡ್ ಹಾಕಿದಳು. ಚುಕ್ಕೆಗಳು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಬಂದವು. ಕೋಲು ಎತ್ತುವುದರೊಳಗೆ ದೀಪವೆಲ್ಲ ಆರಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ಬೆಂಚಿಗೆ ಬಿದ್ದೆವು. ನಮ್ಮದು ಮೀಡಿಯಮ್ಮೇ ಎಂದು ಅಲ್ಲೇ ತೀರ್ಮಾನವಾಯಿತು.

ಮುಂದಿನ ಭಾನುವಾರ ಗೆಳತಿ ಗುಣವಾಗಿ ಬಂದಳು. ನಾನು ಅಭ್ಯಾಸದಂತೆ ಬೆಂಚಿನಲ್ಲಿ ಕುಳಿತು ಚೀಲಕ್ಕೆ ಕೈಚಾಚಿದೆ. ನಿಮ್ಮ ಅಕ್ಕ ಎರಡೂ ಚೀಲಗಳನ್ನು ಆ ಹುಡುಗಿಯ ಹೆಗಲಿಗೇ ಹಾಕಿದಳು.

"ನೀ ಇಲ್ಲೇ ಇರು ಡೀ. ಮೊದಲು ಅಜ್ಜಿ."