ಕಣಗಿಲೆ ಕಿತ್ತವಳು

ಚಾಮರಾಜನಗರಕ್ಕೆ ಬಂದ ಮೊದಲ ಭಾನುವಾರ ಪ್ರಾರ್ಥನೆ ಸಭೆಯಲ್ಲಿ ಪಾಸ್ಟರು ನನ್ನ ತಲೆ ಮೇಲೆ ಕೈಯಿಟ್ಟು ಹಿಂದಕ್ಕೆ ತಳ್ಳಿದರು. ನಾನು ಬೀಳಲಿಲ್ಲ. ನನಗಿಂತ ಮುಂದೆ ನಿಂತಿದ್ದವರೆಲ್ಲ ಕೈ ಸೋಕಿದ ಕೂಡಲೇ ಪವಿತ್ರಾತ್ಮ ಮೈಮೇಲೆ ಬಂತು ಅಂತ ಸಾಲಾಗಿ ನೆಲಕ್ಕೆ ಒರಗಿದ್ದರು. ಬೀಳುವವರನ್ನು ಹಿಡಿಯೋಕೆ ಅಂತಲೇ ಹಿಂದೆ ಒಬ್ಬಳು ಕೈ ಚಾಚಿ ನಿಂತಿದ್ದಳು. "ಬೀಳಿ ಅಮ್ಮ, ನಾನು ಹಿಡ್ಕೋತೀನಿ" ಅಂತ ಕಿವಿಯಲ್ಲಿ ಹೇಳಿದಳು. "ಮಂಡಿ ಮೊದ್ಲೇ ಸರಿಯಿಲ್ಲ ಕಣವ್ವ. ಬಿದ್ರೆ ನೀನು ಎಬ್ಬುಸ್ತೀಯಾ?" ಅಂದೆ. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ನನ್ನ ಮಗಳು ಶಾಂತಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ನನ್ನೂರು ಹಂಗಳದವರೇ, ನಾನು ಬೈಬಲ್ಲಿನ ದಪ್ಪ ಅಕ್ಷರ ಓದೋಕೆ ಕಲಿತವಳು, ಬರೆಯೋದು ನಿಧಾನ. ಆದರೂ ಬರೆಯುತ್ತೇನೆ. ರಾಹೇಲಿ ಎಲ್ಲರೆದುರು ಕ್ಷಮೆ ಕೇಳಿದಳು, ದೊಡ್ಡೋಳು ಮುಖ ತಿರುಗಿಸಿದಳು ಅಂತ ನಿಮ್ಮ ಕಿವಿಗೆ ಬಿದ್ದಿರುತ್ತದೆ. ನನ್ನದೂ ಕೇಳಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾಹೇಲಿ ನನ್ನ ಓರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ನಮ್ಮ ಮಾವನ ಕಾಲದಿಂದ ನಾವು ಯೇಸುವಿನವರು. ಊರಲ್ಲಿ ನಮ್ಮವು ಕೆಲವೇ ಮನೆ, ಹೂಳೋಕೆ ಹಳ್ಳದ ಪಕ್ಕ ಒಂದು ತುಂಡು ನೆಲ. ಗಂಡ ಸತ್ತರೆ ಅವನ ಬಲಗಡೆ ಹೆಂಡತಿ ಒಂದು ಗಿಡ ನೆಡುತ್ತಾಳೆ. ಅದು ಅವಳ ಜಾಗ. ಅಲ್ಲಿ ಯಾರೂ ಹಾರೆ ಹಾಕುವಂತಿಲ್ಲ. ನಾನು ಕಣಗಿಲೆ ನೆಟ್ಟೆ. ಎಡಗಡೆ ಗೋಡೆ, ಹಾಗಾಗಿ ನನಗೆ ಇದ್ದದ್ದು ಅದೊಂದೇ. ಆಮೇಲೆ ಮಂಡಿ ಕೈಕೊಟ್ಟಿತು, ಶಾಂತಿ ಬಂದು ನಗರಕ್ಕೆ ಕರೆದುಕೊಂಡು ಬಂದಳು.

ನಗರದಲ್ಲಿ ನಮ್ಮದು ಮಹಡಿ ಮೇಲಿನ ಬಾಡಿಗೆ ಕೋಣೆ. ಊರಲ್ಲಿ ಬಾಗಿಲು ತೆಗೆದರೆ ಚೆಂಡು ಹೂವಿನ ಹೊಲ, ಇಲ್ಲಿ ಬಾಗಿಲು ತೆಗೆದರೆ ಪಕ್ಕದ ಮನೆಯ ನೀರಿನ ಟ್ಯಾಂಕು. ಅಲ್ಲಿ ಆನೆ ಬಂದರೆ ತಮಟೆ ಬಡಿಯುತ್ತಿದ್ದೆವು, ಇಲ್ಲಿ ನಲ್ಲಿ ನೀರು ಬಂದರೆ ಅದಕ್ಕಿಂತ ಜೋರು ಗಲಾಟೆ. ಹುರುಳಿಕಟ್ಟಿನ ಸಾರಿಗೆ ಶಾಂತಿ ಟೊಮೆಟೊ ಹಾಕುತ್ತಾಳೆ. ಹೇಳಿ ಹೇಳಿ ಸಾಕಾಗಿ ತಿನ್ನುತ್ತಿದ್ದೇನೆ.

ಎಲ್ಲಕ್ಕಿಂತ ಕಷ್ಟ ಆದದ್ದು ಪ್ರಾರ್ಥನೆ. ಹಂಗಳದಲ್ಲಿ ಹೂ ಬಿಡಿಸುತ್ತಾ ದೇವರ ಜೊತೆ ಮಾತಾಡುತ್ತಿದ್ದೆ. ಮಂಡಿ ನೋವು, ಕೂಲಿ, ಗಂಡನ ಕುಡಿತ, ಎಲ್ಲ. ಬೈಯುತ್ತಿದ್ದೆ ಕೂಡ. ನನಗೂ ಅವನಿಗೂ ಮಧ್ಯೆ ಯಾರೂ ಇರಲಿಲ್ಲ. ಇಲ್ಲಿ ಪ್ರಾರ್ಥನೆಗೆ ಟೈಮು, ಅಳೋಕೆ ಟೈಮು, ಬೀಳೋಕೂ ಟೈಮು. ಕೊನೆಗೆ ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಮಾತಾಡೋಕೆ ಶುರು ಮಾಡಿದೆ. ಕೆಳಗಿನ ಮನೆ ಓನರಮ್ಮ ಜುಲೇಖಾಬಿ ಒಂದು ದಿನ ಮೆಟ್ಟಿಲು ಹತ್ತಿ ಬಂದು ಇಣುಕಿದಳು.

"ಯಾರ್ ಜೊತೆ ಜಗಳ ಖಾಲಾ?"

ಖಾಲಾ ಅಂದರೆ ಅವರಲ್ಲಿ ಚಿಕ್ಕಮ್ಮ. ನನಗಿಂತ ನಾಲ್ಕು ಹಲ್ಲು ಕಡಿಮೆ ಇದ್ದರೂ ಹಾಗೇ ಕರೆಯುತ್ತಾಳೆ.

"ದೇವರ ಜೊತೆ" ಅಂದೆ.

"ಅಯ್ಯೋ, ಇದು ದುವಾನಾ? ನಾನು ಬಾಡಿಗೆ ವಿಷಯ ನನಗೇ ಬಯ್ತಾ ಇದೀರಾ ಅಂದ್ಕೊಂಡೆ." ದುವಾ ಅಂದರೆ ಬೇಡಿಕೊಳ್ಳುವುದು. ಅವತ್ತಿಂದ ನಾನು ತಾರಸಿಗೆ ಹತ್ತಿದರೆ ಅವಳು ಟಿವಿ ಸದ್ದು ಕಡಿಮೆ ಮಾಡುತ್ತಾಳೆ. ಈ ಊರಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು.

ಹೋದ ಬೇಸಿಗೆಯಲ್ಲಿ ಮೈದ, ರಾಹೇಲಿಯ ಗಂಡ, ಸತ್ತ ಅಂತ ಫೋನು ಬಂತು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಬೇಕು. ಕೇರಳದ ಬಸ್ಸುಗಳೆಲ್ಲ ಬಂದು ಹೋದವು, ನಮ್ಮ ಕಡೆಯದು ಬರಲಿಲ್ಲ. ನಾನು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ನನ್ನ ಕಣಗಿಲೆ ಬೇರುಸಮೇತ ಗೋಡೆ ಪಕ್ಕ ಬಿದ್ದಿತ್ತು, ಹೂವಿನ್ನೂ ಬಾಡಿರಲಿಲ್ಲ. ಅದು ಇದ್ದ ಕಡೆ ಮೈದನ ಗುಡ್ಡೆ.

"ಏನಮ್ಮಿ ಇದು?" ಅಂದೆ ರಾಹೇಲಿಗೆ.

ಅವಳು ಮೂಗು ಒರೆಸಿಕೊಂಡು ಹೇಳಿದಳು, "ಊರ್ ಬುಟ್ಟೋದವ್ಳಿಗೆ ಜಾಗ ಯಾಕಕ್ಕ? ಅಣ್ಣತಮ್ಮ ಜೊತೇಲವ್ರೆ ಬುಡು. ನಿಂಗೆ ನಗರ್ದಲ್ಲಿ ಬೇಕಾದಷ್ಟದೆಯಲ್ಲ."

ನೀವೂ ಸುತ್ತ ನಿಂತಿದ್ದಿರಿ. ಒಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ. ಅದನ್ನೂ ನಾನು ಮರೆತಿಲ್ಲ.

ಅವತ್ತಿಂದ ತಾರಸಿಯಲ್ಲಿ ನನ್ನದು ಒಂದೇ ಮಾತು. "ಅವಳಿಗೂ ಜಾಗ ಇಲ್ಲದಂಗೆ ಮಾಡಪ್ಪ. ಗಂಡನ ಪಕ್ಕ ಅವಳೂ ಮಲಗಬಾರದು." ಪ್ರತಿ ತಿಂಗಳ ಮೊದಲ ಭಾನುವಾರ ಇಲ್ಲಿ ಕರ್ತನ ಭೋಜನ. ರೊಟ್ಟಿ ಚೂರು, ದ್ರಾಕ್ಷಿ ರಸ. ಯಾರ ಮೇಲಾದರೂ ಹಗೆ ಇದ್ದವರು ತೆಗೆದುಕೊಳ್ಳಬಾರದು, ಹಗೆ ಬಿಟ್ಟು ಬರಬೇಕು. ಎಲ್ಲರೂ ಏಳುತ್ತಾರೆ. ನಾನು ಕುರ್ಚಿಯಲ್ಲೇ ಕೂರುತ್ತೇನೆ. "ಸುಮ್ನೆ ಎದ್ದು ಈಸ್ಕೊಳವ್ವ, ಯಾರ್ಗೆ ಗೊತ್ತಾಯ್ತದೆ?" ಅಂದಳು ಶಾಂತಿ. "ಅವನಿಗೆ" ಅಂದೆ. ಬೇರೆ ಯಾರಿಗೆ ಬೇಕಾದರೂ ಸುಳ್ಳು ಹೇಳಿಯೇನು, ಅವನಿಗೆ ಹೇಳಿದರೆ ಆಮೇಲೆ ನನಗೆ ಮಾತಾಡೋಕೆ ಯಾರಿದ್ದಾರೆ?

ಹಾಗಿರುವಾಗ ರಾಹೇಲಿ ಹೊಟ್ಟೆ ನೋವು ಅಂತ ನಗರದ ಆಸ್ಪತ್ರೆಗೆ ತೋರಿಸೋಕೆ ಬಂದಳು. ಭಾನುವಾರ ನಮ್ಮ ಸಭೆಗೂ ಬಂದಳು. ಸೊರಗಿ ಅರ್ಧ ಆಗಿದ್ದಳು. ಸಾಕ್ಷಿ ಹೇಳುವ ಹೊತ್ತಿಗೆ, ಅಂದರೆ ದೇವರು ನಮಗೆ ಮಾಡಿದ್ದನ್ನು ಎಲ್ಲರೆದುರು ಹೇಳುವ ಹೊತ್ತಿಗೆ, ಎದ್ದು ಹೋಗಿ ಮೈಕ್ ಹಿಡಿದಳು. "ನಮ್ಮಕ್ಕನ ಜಾಗ ಕಿತ್ಕಂಡೆ. ತಪ್ಪಾಯ್ತು. ಕ್ಷಮಿಸ್ಬುಡಕ್ಕ" ಅಂದಳು. ಸಭೆಯೆಲ್ಲ "ಸ್ತೋತ್ರ, ಸ್ತೋತ್ರ" ಅಂತ ಕೂಗಿ ನನ್ನ ಕಡೆ ತಿರುಗಿತು.

"ಗಿಡ ಕೀಳುವಾಗ ಮೈಕಿತ್ತಾ?" ಅಂದೆ.

ಪಾಸ್ಟರು ಹತ್ತಿರ ಬಂದರು. "ಅಮ್ಮಾ, ದೇವರು ನಿಮ್ಮ ಬಾಯಿಂದ ಒಂದು ಮಾತು ಕೇಳೋಕೆ ಕಾಯ್ತಿದ್ದಾರೆ."

"ಅವನು ದಿನಾ ಕೇಳುಸ್ಕತಾನೆ ಅಯ್ಯ. ಕಾಯ್ತಿರೋದು ನೀವು."

ಎದ್ದು ಹೊರಗೆ ಬಂದೆ. ರಾಹೇಲಿ ಹಿಂದೆಯೇ ಬಂದಳು. ಚಪ್ಪಲಿ ಬಿಟ್ಟ ಕಡೆ ನಿಲ್ಲಿಸಿಕೊಂಡು ಕೇಳಿದೆ, "ಬರೀ ಬಾಯ್ಮಾತು ಬ್ಯಾಡ. ನಿನ್ ಗಂಡನ ಬಲಕ್ಕೆ ನೀನು ಗಿಡ ನೆಟ್ಟಿದ್ದೀಯಲ್ಲ, ಆ ಜಾಗ ನಂಗೆ ಬುಡು. ನೀನು ಬ್ಯಾರೆ ನೋಡ್ಕೊ."

ಚೌಕಾಸಿ ಮಾಡುತ್ತಾಳೆ ಅಂದುಕೊಂಡಿದ್ದೆ. ಮಾಡಿದರೆ ಅವಳ ಕ್ಷಮೆಯ ಬಂಡವಾಳ ಎಲ್ಲರಿಗೂ ಗೊತ್ತಾಗುತ್ತಿತ್ತು. ಅವಳು ನನ್ನ ಚಪ್ಪಲಿ ಹುಡುಕಿ ಕಾಲ ಹತ್ತಿರ ಇಟ್ಟು, "ತಕ್ಕೊ ಅಕ್ಕ" ಅಂದಳು. ಅಷ್ಟೇ.

ಮುಂದಿನ ವಾರ ಶಾಂತಿಯ ಫೋನಿಗೆ ಫೋಟೋ ಬಂತು. ರಾಹೇಲಿ ತನ್ನ ದಾಸವಾಳ ಕಿತ್ತು ಅಲ್ಲಿ ಕಣಗಿಲೆ ನೆಡಿಸಿದ್ದಾಳೆ, ಮೇಕೆ ತಿನ್ನದಂತೆ ಸುತ್ತ ಮುಳ್ಳು ಬೇರೆ. ಶಾಂತಿ ಬಿದ್ದು ಬಿದ್ದು ನಕ್ಕಳು. "ಅವ್ವ, ಚಿಕ್ಕಪ್ಪನ ಪಕ್ಕ ಮಲಗ್ತೀಯಾ? ಅಪ್ಪ ಎದ್ದು ಬತ್ತಾನೆ ನೋಡು!"

ಬೇಡಿದ್ದು ಸಿಕ್ಕಿತು. ಅವಳಿಗೆ ಜಾಗ ಇಲ್ಲ. ನನಗೆ ಇರುವುದು ಮೈದನ ಪಕ್ಕ, ನನ್ನ ಗಂಡನಿಗೂ ನನಗೂ ನಡುವೆ ಅವನ ತಮ್ಮ. ಇಲ್ಲಿ ಸತ್ತರೆ ನಗರದ ಸ್ಮಶಾನ, ಹೆಸರು ಗೊತ್ತಿಲ್ಲದವರ ಸಾಲು. ಊರಿಗೆ ಬಂದರೆ ನೀವು ನಗರದಮ್ಮ ಅನ್ನುತ್ತೀರಿ, ಇಲ್ಲಿ ನಲ್ಲಿ ಹತ್ತಿರ ಹಂಗಳದಮ್ಮ ಅನ್ನುತ್ತಾರೆ.

ನಿನ್ನೆ ತಾರಸಿಯಲ್ಲಿ ಸೀರೆ ಹಿಂಡುತ್ತಿದ್ದಾಗ ಒಳಗೆ ಒಂದು ಮಾತು ಬಂತು. ಆ ಜಾಗ ಅವಳಿಗೆ ವಾಪಸ್ ಕೊಡು ಅಂತ. ಪಾಸ್ಟರದ್ದಲ್ಲ, ಶಾಂತಿಯದ್ದಲ್ಲ. ಯಾರದ್ದು ಅಂತ ನನಗೆ ಗೊತ್ತು. ಇಷ್ಟು ಕಾಲ ಮಾತಾಡಿದವನ ದನಿ ಗುರುತು ಸಿಗದೆ ಇರುತ್ತದಾ?

"ಕೊಡಲ್ಲ" ಅಂದೆ. "ನಾನಲ್ಲಿ ಮಲಗದಿದ್ರೂ ಸರಿ, ಅವಳು ಮಲಗಬಾರ್ದು. ಏನ್ ಮಾಡ್ಕೋತೀಯೋ ಮಾಡ್ಕೊ."

ಕೆಳಗೆ ಜುಲೇಖಾಬಿ ಟಿವಿ ಸದ್ದು ತಗ್ಗಿಸಿದಳು. ಅವನು ಏನೂ ಅನ್ನಲಿಲ್ಲ. ಎದ್ದೂ ಹೋಗಲಿಲ್ಲ.