ಮಾಲಕರು ಕಲಿಸಿದ ಮಾತು

ನಮ್ಮ ಬನಹಟ್ಟಿಯವರೇ ಆದ ಒಬ್ಬ ಮಹಾಶಯರು ಕೊಲ್ಲಾಪುರಕ್ಕೆ ಹೋಗಿ ಟಾಕಿ ಚಿತ್ರಗಳನ್ನು ತೆಗೆದು ದೊಡ್ಡ ಕಂಪನಿಯ ಮಾಲಕರಾದರು. ಆಮೇಲೆ ಅವರಿಗೆ ಹುಟ್ಟೂರಿನ ಋಣ ನೆನಪಾಯಿತು. ಋಣ ತೀರಿಸುವವರು ಸದ್ದಿಲ್ಲದೆ ತೀರಿಸುತ್ತಾರೆ. ಇವರು ಜಮಖಂಡಿಯಲ್ಲಿ ಡಂಗುರ ಹೊಡೆಸಿದರು. ಈ ಸೀಮೆಯ ಕಲಾವಿದರಿಗೆ ಪುಕ್ಕಟೆ ಸಿನಿಮಾ ವಿದ್ಯೆ ಕಲಿಸುವರಂತೆ, ಚಲೋ ಕಲಿತವರಿಗೆ ಹೊಸ ಚಿತ್ರದಲ್ಲಿ ಪಾತ್ರ ಕೊಡುವರಂತೆ.

ನನ್ನ ಅಕ್ಕ ಹೋದಳು, ಜೊತೆಗೆ ನಾನೂ. ಅವಳಿದ್ದ ನಾಟಕ ಕಂಪನಿ ಮುಧೋಳದ ಕ್ಯಾಂಪಿನಲ್ಲಿ ಮುಚ್ಚಿಹೋಗಿತ್ತು. ರಂಗದ ಮೇಲೆ ನಿಂತು ಜನರನ್ನು ಅಳಿಸುತ್ತಿದ್ದವಳು ಮನೆಯಲ್ಲಿ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಈ ಪಾತ್ರ ಸಿಗದಿದ್ದರೆ ಉಳಿದ ಆಯುಷ್ಯವೂ ಕಂಡಿಕೆಯೇ ಎಂದು ಇಬ್ಬರಿಗೂ ಗೊತ್ತಿತ್ತು.

ಮಾಲಕರ ವಿದ್ಯೆ ಏನೆಂದರೆ ನಮ್ಮ ನಾಲಿಗೆ ತಿದ್ದುವುದು. ‘ಮನಿ’ ಅನ್ನಬಾರದು, ‘ಮನೆ’ ಅನ್ನಬೇಕು. ಹುಟ್ಟಿದಾಗಿನಿಂದ ‘ಮನಿ’ ಅಂದೇ ಬೆಳೆದ ಮನುಷ್ಯ ಕಾಲ ಮೇಲೆ ಕಾಲು ಹಾಕಿ ಎರಡು ತಿಂಗಳು ಇದನ್ನೇ ಕಲಿಸಿದರು. ಕೊನೆಗೆ ಪರೀಕ್ಷೆ. ತೊಟ್ಟಿಲಲ್ಲಿ ಕೂಸನ್ನು ಬಿಟ್ಟು ಹೊಳೆಗೆ ಹಾರಲು ಹೊರಟ ತಾಯಿ, ಹೊಸ್ತಿಲಲ್ಲಿ ನಿಂತು ‘ಹೋಗುತ್ತೇನೆ’ ಎನ್ನಬೇಕು. ಅಕ್ಕ ಹೊಸ್ತಿಲು ದಾಟಿದಳು, ಒಂದು ಹೆಜ್ಜೆ ಹಿಂದಿಟ್ಟಳು, ಸೆರಗನ್ನು ಬಾಯಿಗೊತ್ತಿ, “ಬರ್ತೇನಿ” ಅಂದಳು.

“ಎಷ್ಟ ಸಲ ಹೇಳಬೇಕು ಬೇ? ಸಾಯಾಕ ಹೊಂಟಾಕಿ ತಿರುಗಿ ಹೆಂಗ ಬರ್ತಾಳ?” ಸಿಟ್ಟಿನಲ್ಲಿ ಅವರ ಶುದ್ಧ ಭಾಷೆ ಓಡಿಹೋಗಿತ್ತು.

“ಬರೂದಿಲ್ಲಂತ ಗೊತ್ತಿದ್ರೂ ಬರ್ತೇನಿ ಅಂತಾಳ್ರಿ. ಮನ್ಯಾಗ ಕೂಸು ಐತಲ್ರಿ. ಹೋಗ್ತೇನಿ ಅಂದ್ರ ಮನಿಗೆ ಕೆಟ್ಟ.”

“ನಿನಗ ಸಿನಿಮಾ ತಿಳಿಯೂದಿಲ್ಲ, ಬಿಡು.”

ಪಾತ್ರ ಮೈಸೂರು ಸೀಮೆಯ ನಟಿಯೊಬ್ಬಳ ಪಾಲಾಯಿತು.

ಮರುವರ್ಷ ಆ ಚಿತ್ರ ಜಮಖಂಡಿಯ ಟೆಂಟಿಗೆ ಬಂತು. ನಟಿ ಉದ್ದಕ್ಕೂ ಪುಸ್ತಕ ಓದಿದಂತೆ ಮಾತಾಡಿದಳು. ಹೊಳೆಗೆ ಹೊರಟಾಗ ಮಾತ್ರ ಹೊಸ್ತಿಲು ದಾಟಿ, ಒಂದು ಹೆಜ್ಜೆ ಹಿಂದಿಟ್ಟು, ಸೆರಗನ್ನು ಬಾಯಿಗೊತ್ತಿ, “ಬರ್ತೇನಿ” ಅಂದಳು. ಇಡೀ ಟೆಂಟು ಅತ್ತಿತು. ಅಕ್ಕ ಮಾತ್ರ ಅಳಲಿಲ್ಲ.

ಮರುದಿನ ಸಾಲೆಯ ಅಂಗಳದಲ್ಲಿ ಮಾಲಕರಿಗೆ ಸತ್ಕಾರ. “ಆ ಒಂದು ಮಾತು ನನಗೆ ಹೊಳೆದದ್ದು. ನಟಿಗೂ ಕಲಿಸಿದೆ, ಈ ನನ್ನ ಜನರಿಗೂ ಕಲಿಸಿದೆ,” ಎಂದು ಕಣ್ಣೊರೆಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ!

ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಹಾರ ಹಾಕಬೇಕಿತ್ತು. ಅಕ್ಕನೂ ಹಾಕಿ ಕೈಮುಗಿದಳು.

“ಹೊಂಟಿ ಏನವಾ?” ಅಂದರು ಮಾಲಕರು, ಬಲು ಅಂತಃಕರಣದಿಂದ.

“ಹೂನ್ರಿ. ಹೋಗ್ತೇನ್ರಿ.”

ನೆರೆಮನೆಗೆ ಮಜ್ಜಿಗೆ ಕೇಳಲು ಹೋಗಿ ಬರುವಾಗಲೂ ‘ಹೋಗ್ತೇನಿ’ ಎಂಬ ಮಾತನ್ನು ಅವಳು ಆಡಿದವಳಲ್ಲ. ಮಾಲಕರು ಬನಹಟ್ಟಿಯಲ್ಲಿ ಹುಟ್ಟಿದವರೇ, ಅರ್ಥವಾಯಿತು, ಮುಖ ಕಪ್ಪಿಟ್ಟಿತು. ಈ ಸಲ ಅವರು ತಿದ್ದಲಿಲ್ಲ.