ಲಂಗದ ಒಳಮಡಿಕೆ

ಈ ಬೀದಿಯ ಟೈಲರ್ ಮಕ್ಕಳ ಬಟ್ಟೆ ಹೊಲಿದರೆ ಅಂಚಿನ ಒಳಗೆ ನಾಲ್ಕು ಬೆರಳಷ್ಟು ಬಟ್ಟೆ ಮಡಚಿ ಬಿಡುತ್ತಿದ್ದ. ಆಗ ಇಲ್ಲಿದ್ದವರೆಲ್ಲ ಗಿರಣಿ ಕೆಲಸದವರು. ಮಗು ಬೆಳೆದಂತೆ ಮಡಿಕೆ ಬಿಚ್ಚಿಸಿ, ಒಂದೇ ಲಂಗದಲ್ಲಿ ಮೂರು ವರ್ಷ ತಳ್ಳುತ್ತಿದ್ದರು. ಆಮೇಲೆ ಗಿರಣಿ ಮುಚ್ಚಿತು. ವಠಾರಗಳಿದ್ದ ಕಡೆ ಅಪಾರ್ಟ್‌ಮೆಂಟುಗಳು ಎದ್ದವು, ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುವಂತಾಯಿತು. ಹಳಬರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿಕೊಂಡು ಊರಾಚೆಗೆ ಹೋದರು. ಟೈಲರ್ ಉಳಿದ, ಅವನ ಹಳೇ ಚಾಳಿಯೂ ಉಳಿಯಿತು.

ಒಮ್ಮೆ ಅಪಾರ್ಟ್‌ಮೆಂಟಿನ ಹೆಂಗಸೊಬ್ಬಳು ಮಗಳ ಹೊಸ ಲಂಗ ವಾಪಸು ತಂದಳು.

"ಇದೇನ್ರೀ, ಅಂಚು ಇಷ್ಟು ದಪ್ಪ? ಕತ್ತರಿಸಿಬಿಡಿ."

"ಮಗು ಬೆಳೆಯುತ್ತಲ್ಲಮ್ಮ."

"ಬೆಳೆದರೆ ಹೊಸದು ತಗೋತೀವಿ."

ಗಿರಾಕಿ ಹೇಳಿದ ಮೇಲೆ ಮುಗೀತು. ಟೈಲರ್ ಗೊಣಗುತ್ತಲೇ ಕತ್ತರಿಸಿದ.

ವರ್ಷ ಕಳೆದ ಮೇಲೆ ವಠಾರದ ಹಳೇ ನೆರೆಯವಳೊಬ್ಬಳು ಅಂಗಡಿಗೆ ಬಂದಳು. ಈಗವಳು ಊರಾಚೆಯಿಂದ ಎರಡು ಬಸ್ಸು ಹಿಡಿದು ಬಂದು ಅದೇ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಚೀಲದಿಂದ ಆ ಲಂಗವನ್ನೇ ತೆಗೆದಳು.

"ಅಮ್ಮಾವ್ರು ನನ್ನ ಮೊಮ್ಮಗಳಿಗೆ ಅಂತ ಕೊಟ್ರು ಕಣಣ್ಣ. ಸ್ವಲ್ಪ ಗಿಡ್ಡ ಆಗುತ್ತೆ. ನೋಡಿದ ಕೂಡಲೇ ನಿನ್ನ ಹೊಲಿಗೆ ಅಂತ ಗೊತ್ತಾಯ್ತು, ಸಮಾಧಾನ ಆಯ್ತು. ಒಳಗೆ ಬಟ್ಟೆ ಬಿಟ್ಟಿರ್ತೀಯಲ್ಲ, ಬಿಚ್ಚಿಕೊಡು."

ಟೈಲರ್ ಅಂಚು ತಿರುವಿ ನೋಡುವ ಗೋಜಿಗೇ ಹೋಗಲಿಲ್ಲ.